ಗೊಂಬೆಯ ತಳದಲ್ಲಿ ಬರೆದ ಹೆಸರು

ಕಳೆದ ತಿಂಗಳು ದುಬೈಯ ಸತ್ವಾದಲ್ಲಿರುವ ನಮ್ಮ ಮನೆಗೆ ಚನ್ನಪಟ್ಟಣದ ಭಾಯಿ ಬಂದರು. ರಾಸ್ ಅಲ್ ಖೋರ್‌ನಿಂದ ಎರಡು ಬಸ್ಸು ಬದಲಿಸಿ, ಎದೆಗೆ ಒಂದು ಪೊಟ್ಟಣ ಅವುಚಿಕೊಂಡು ಬಂದಿದ್ದರು. ಪೊಟ್ಟಣಕ್ಕೆ ಸುತ್ತಿದ್ದದ್ದು ಜಪಾನಿ ಅಕ್ಷರಗಳ ದಿನಪತ್ರಿಕೆ. ಅದನ್ನು ಬಿಚ್ಚಿದೊಡನೆ ಆಗತಾನೇ ಕಡೆದ ಬಿಳಿಮರದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಹಸಿ ಹಾಲಿಗೂ ಮಳೆಗೆ ನೆನೆದ ಕಾಗದಕ್ಕೂ ನಡುವಿನ ಒಂದು ವಾಸನೆ ಅದು. ಆರು ವರ್ಷಗಳಿಂದ ನಾನು ಅದನ್ನು ಮೂಸಿರಲಿಲ್ಲ.

ಒಳಗಿದ್ದದ್ದು ಒಂದು ಗೇಣುದ್ದದ ಮರದ ಗೊಂಬೆ. ದುಂಡು ತಲೆ, ಕಂಬದಂಥ ಮೈ. ಕೈಗಳಿಲ್ಲ, ಕಾಲುಗಳಿಲ್ಲ. ಜಪಾನಿನ ಚಳಿಯ ಊರುಗಳಲ್ಲಿ ಮಾಡುವ ಇಂಥ ಗೊಂಬೆಗೆ ಅವರು ಕೊಕೇಶಿ ಎನ್ನುತ್ತಾರೆ. ಆದರೆ ಈ ಗೊಂಬೆಗೆ ಮುಖವೂ ಇರಲಿಲ್ಲ. ಕಣ್ಣು, ಹುಬ್ಬು, ಬಾಯಿ ಏನನ್ನೂ ಬರೆಯದೆ ಬಿಟ್ಟಿದ್ದರು.

"ನಮ್ ಜಪಾನ್ ಮೇಷ್ಟ್ರು ಹೋಗ್ಬಿಟ್ರು ಮೇಡಂ" ಎಂದರು ಭಾಯಿ. "ಮಗಳು ಕಳ್ಸಿದಾರೆ. ಲೇತ್ ಮೇಲೆ ಇದೇ ಕೊನೇದಂತೆ."

ಜೊತೆಗೊಂದು ಚೀಟಿ ಇತ್ತು. ಮೇಷ್ಟ್ರ ಕೈಬರಹದ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಸಾಲು. ಮುಖ ನೀನು ಬರೆ, ಅಷ್ಟೇ. ಭಾಯಿ ಗೊಂಬೆಯನ್ನು ಮಗುಚಿ ತಳ ತೋರಿಸಿದರು. ಕಪ್ಪು ಮಸಿಯಲ್ಲಿ ಮೇಷ್ಟ್ರ ಹೆಸರು, ಅದರ ಕೆಳಗೆ ವಯಸ್ಸು ಎಪ್ಪತ್ತೆಂಟು. ಅವೆರಡೂ ತಳದ ಎಡಗಡೆಯಲ್ಲಿ ಒತ್ತಾಗಿ ಇದ್ದವು. ಬಲಗಡೆಯ ಅರ್ಧ ಖಾಲಿ. ಅಲ್ಲಿ ಯಾರಿಗಾಗಿ ಜಾಗ ಬಿಟ್ಟಿದ್ದಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು...

ನಾನು ಓದಿದ ಮೈಸೂರಿನ ಶಾಲೆಯಲ್ಲಿ ಗಂಟೆ ಇರಲಿಲ್ಲ, ರ‍್ಯಾಂಕು ಇರಲಿಲ್ಲ, ಬೆತ್ತ ಇರಲಿಲ್ಲ. ತಪ್ಪು ಕಂಡರೆ ಅದನ್ನು ತಪ್ಪು ಎಂದೇ ಕರೆಯಬೇಕು, ಸುತ್ತಿ ಬಳಸಿ ಹೇಳಬಾರದು ಎಂದು ಅಲ್ಲಿ ಕಲಿಸಿದ್ದರು. ಆ ಅಭ್ಯಾಸದಿಂದ ನಾನು ಹಲವು ಕೆಲಸಗಳನ್ನೂ ಕೆಲವು ಸ್ನೇಹಗಳನ್ನೂ ಕಳೆದುಕೊಂಡಿದ್ದೇನೆ. ಮೇಷ್ಟ್ರನ್ನು ನೆನೆಯುವ ಈ ಬರಹದಲ್ಲೂ ಅದನ್ನು ಬಿಡುವುದಿಲ್ಲ. ನನ್ನದೊಂದು ತಪ್ಪು ಇದರಲ್ಲಿದೆ. ಅದನ್ನೂ ಹೇಳುತ್ತೇನೆ.

ಆರು ವರ್ಷಗಳ ಹಿಂದೆ ನಾನು ಅಲ್ ಕೂಜ್‌ನಲ್ಲಿ, ಹೋಟೆಲುಗಳಿಗೆ ಒಳಾಂಗಣ ಅಲಂಕಾರ ಮಾಡಿಕೊಡುವ ಒಂದು ಕಂಪನಿಯಲ್ಲಿದ್ದೆ. ಮುಂಭಾಗದಲ್ಲಿ ಗಾಜಿನ ಷೋರೂಮು, ಅದರ ಹಿಂದೆ ತಗಡಿನ ಗೋದಾಮು ಮತ್ತು ಕಾರ್ಯಾಗಾರ. ಷೋರೂಮಿನ ಪ್ರತಿ ವಸ್ತುವಿನ ಪಕ್ಕದಲ್ಲಿಡುವ ಪರಿಚಯದ ಕಾರ್ಡು ಬರೆಯುವುದು ನನ್ನ ಕೆಲಸ. ಆ ವಸ್ತುಗಳನ್ನು ಮಾಡುವವರೆಲ್ಲ ಹಿಂದಿನ ತಗಡಿನಡಿಯಲ್ಲಿದ್ದರು. ಅವರ ಪಾಸ್‌ಪೋರ್ಟುಗಳು ಮ್ಯಾನೇಜರ ಕಪಾಟಿನಲ್ಲಿದ್ದವು. ಹಾಗೆ ಇಟ್ಟುಕೊಳ್ಳುವುದು ಈ ದೇಶದ ಕಾನೂನಿಗೂ ವಿರುದ್ಧ. ಮರ ಕಡೆಯುವವನ ವೀಸಾದಲ್ಲಿ ಲೋಡರ್ ಎಂದಿತ್ತು, ಬಣ್ಣ ಬಳಿಯುವವನ ವೀಸಾದಲ್ಲಿ ಕ್ಲೀನರ್ ಎಂದಿತ್ತು. ಇದು ಸುಳ್ಳು, ಸರ್ಕಾರಿ ಕಾಗದದ ಮೇಲೆ ಬರೆದ ಸುಳ್ಳು. ಮ್ಯಾನೇಜರು ಪರದೇಶದವರೇನಲ್ಲ, ನಮ್ಮ ಬೆಂಗಳೂರಿನವರು. ರಾಜ್ಯೋತ್ಸವದ ದಿನ ಷೋರೂಮಿಗೆ ಹಳದಿ ಕೆಂಪು ಶಾಲು ಹೊದ್ದು ಬರುತ್ತಿದ್ದರು.

ಅಬುಧಾಬಿಯ ಹೊಸ ಹೋಟೆಲೊಂದು ತನ್ನ ಲಾಬಿಯ ಒಂದು ಗೋಡೆಯನ್ನು ಪೂರ್ತಿ ಜಪಾನಿ ಗೊಂಬೆಗಳಿಂದ ತುಂಬಿಸಬೇಕೆಂದಿತು. ಮುನ್ನೂರು ಗೊಂಬೆ. ಅದಕ್ಕಾಗಿ ಕಂಪನಿ ಮೇಷ್ಟ್ರನ್ನು ಕರೆಸಿತು. ಅವರು ಬಿಸಿನೀರಿನ ಬುಗ್ಗೆಗಳಿರುವ, ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ ಬೀಳುವ ಒಂದು ಬೆಟ್ಟದೂರಿನವರು. ಸ್ನಾನಕ್ಕೆ ಬರುವ ಪ್ರವಾಸಿಗರಿಗೆ ಗೊಂಬೆ ಮಾರಿ ಮಾರಿ ಒಂದಷ್ಟು ಇಂಗ್ಲಿಷ್ ಪದಗಳನ್ನು ಕಲಿತಿದ್ದರು. ವಾಕ್ಯವಾಗಿ ಸೇರದ, ಒಂದರ ಪಕ್ಕ ಒಂದು ಇಟ್ಟ ಪದಗಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಲವತ್ತೈದು ಡಿಗ್ರಿಯ ಬಿಸಿಲಿಗೆ ಯಾಕೆ ಬಂದಿರಿ ಎಂದು ಮೊದಲ ವಾರವೇ ಕೇಳಿದೆ. ಅವರು ಒಪ್ಪಂದದ ಪತ್ರ ತೆಗೆದು ಒಂದು ಪದದ ಮೇಲೆ ಬೆರಳಿಟ್ಟರು. ಶಿಷ್ಯರು ಎಂದಿತ್ತು. ಊರಿನಲ್ಲಿ ಮಗಳು ಆಸ್ಪತ್ರೆಯ ಕೆಲಸ ಹಿಡಿದಿದ್ದಳು, ನೆರೆಯ ಹುಡುಗರು ಪಟ್ಟಣ ಸೇರಿದ್ದರು. ಕಲಿಸಬೇಕೆಂದರೂ ಕಲಿಯುವವರಿರಲಿಲ್ಲ. ದುಬೈಯಲ್ಲಿ ಶಿಷ್ಯರಿದ್ದಾರೆಂದು ನಂಬಿ ಅವರು ವಿಮಾನ ಹತ್ತಿದ್ದರು.

ಶಿಷ್ಯರಿರಲಿಲ್ಲ. ಆ ಪದವನ್ನು ಅಲ್ಲಿ ಸೇರಿಸಿದ್ದು ಬರಿ ಅಲಂಕಾರಕ್ಕೆ. ಕಂಪನಿ ಅವರಿಗೆ ಕೊಟ್ಟದ್ದು ಒಬ್ಬ ಹೆಲ್ಪರನ್ನು. ಅವರೇ ಚನ್ನಪಟ್ಟಣದ ಭಾಯಿ.

ಮೇಷ್ಟ್ರ ಮೊದಲ ಜಗಳ ಎಸಿಯ ಬಗ್ಗೆ. ಜಪಾನಿನಿಂದ ಬಂದ ಬಿಳಿಮರದ ತುಂಡುಗಳು ಬಿಸಿಲಿಗೆ ಸೀಳುತ್ತವೆಂದು ಅವಕ್ಕೆ ಒಂದು ಕೋಣೆ ಕೊಟ್ಟು, ಅದಕ್ಕೆ ಎಸಿ ಹಾಕಿಸಿದ್ದರು. ಆ ಮರ ಕಡೆಯುವ ಜನ ಪಕ್ಕದ ತಗಡಿನಡಿ ಒಂದು ಫ್ಯಾನಿನ ಮುಂದೆ ಬೇಯುತ್ತಿದ್ದರು. ಮೇಷ್ಟ್ರು ಅದನ್ನು ಒಂದು ದಿನ ನೋಡಿದರು. ಮಾರನೆಯ ಬೆಳಿಗ್ಗೆ ಯಾರನ್ನೂ ಕೇಳದೆ, ಭಾಯಿಯ ಕೈಯಲ್ಲಿ ಒಂದು ತುದಿ ಹಿಡಿಸಿ, ಎರಡೂ ಲೇತುಗಳನ್ನು ಮರದ ಕೋಣೆಗೆ ಸಾಗಿಸಿದರು. ಬಣ್ಣದವರೂ ಬಡಗಿಗಳೂ ಹಿಂದೆಯೇ ಬಂದರು. ಮ್ಯಾನೇಜರು ಓಡಿ ಬಂದಾಗ ಮೇಷ್ಟ್ರು ತಿರುಗಿಯೂ ನೋಡದೆ, "ಮರಕ್ಕೆ ತಂಪು. ಮನುಷ್ಯನಿಗೆ ತಂಪು. ಒಂದೇ ಕೋಣೆ" ಎಂದರು. ಆಮೇಲೆ ಭಾಯಿಯಿಂದ ಕಲಿತಿದ್ದ ಮೊದಲ ಪದವನ್ನು ಸೇರಿಸಿದರು: "ಖಲಾಸ್."

ಭಾಯಿ ಹತ್ತನೆಯ ವಯಸ್ಸಿನಿಂದ ಮರ ಕಡೆದವರು. ಹಾಲೆ ಮರ, ಅರಗಿನ ಬಣ್ಣ, ಕೊನೆಯಲ್ಲಿ ತಾಳೆಗರಿಯಿಂದ ಉಜ್ಜಿ ಹೊಳಪು ತರುವುದು, ಇಷ್ಟೂ ಅವರ ಕೈಗೆ ಕಣ್ಣುಮುಚ್ಚಿದರೂ ಬರುತ್ತಿತ್ತು. ಆ ಅಭ್ಯಾಸವೇ ಮೊದಲ ದಿನ ಎಡವಟ್ಟಾಯಿತು. ಮೇಷ್ಟ್ರು ಕಡೆದಿಟ್ಟಿದ್ದ ಗೊಂಬೆಯೊಂದನ್ನು ಲೇತಿಗೆ ಸಿಕ್ಕಿಸಿ, ಒಳ್ಳೆಯದಾಗಲೆಂದು, ತಮ್ಮ ಪೆಟ್ಟಿಗೆಯಲ್ಲಿದ್ದ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಬಿಟ್ಟರು. ಬಿಸಿಗೆ ಅರಗು ಕರಗಿ, ಕ್ಷಣದಲ್ಲಿ ಗೊಂಬೆ ಚನ್ನಪಟ್ಟಣದ ಗಿಲಕಿಯಂತೆ ಥಳಥಳಿಸಿತು. ಮೇಷ್ಟ್ರು "ದಮೆ! ದಮೆ!" ಎಂದು ಕೂಗುತ್ತಾ ಬಂದರು. ಕೂಡದು ಎಂದರ್ಥ. ಅವರ ಗೊಂಬೆಗೆ ಮರದ ಗೆರೆ ಕಾಣಬೇಕು. ಕುಂಚದಿಂದ ನಾಲ್ಕು ಎಳೆ, ಮೇಲೊಂದಿಷ್ಟು ಮೇಣ, ಅಷ್ಟೇ.

"ಸೀರೆ ಉಡಿಸ್ದೆ ಮೇಡಂ, ಇವರು ಬರಿ ಟವಲ್ ಸಾಕು ಅಂತಾರೆ" ಎಂದು ಭಾಯಿ ನನ್ನತ್ತ ತಿರುಗಿ ಗೊಣಗಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೇಷ್ಟ್ರು ಮೊದಲ ಬಾರಿ ನಕ್ಕದ್ದು ಆಗ. ಆ ಕೆಂಪು ಗೊಂಬೆಯನ್ನು ಅವರು ಎಸೆಯಲಿಲ್ಲ. ಕಿಟಕಿಯ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬೆರಳಿನಿಂದ ಅದರ ಹೊಳಪನ್ನು ಸವರಿ ನೋಡಿದರು.

ಅವರಿಬ್ಬರ ನಡುವೆ ಭಾಷೆ ಇರಲಿಲ್ಲ. ಆರು ತಿಂಗಳು ನಾನು ನೋಡಿದ್ದು ಕೈಗಳ ಮಾತು. ಮೇಷ್ಟ್ರು ಭಾಯಿಯ ಮಣಿಕಟ್ಟನ್ನು ಹಿಡಿದು ಉಳಿಯ ಕೋನ ಬದಲಿಸುತ್ತಿದ್ದರು. ತಮ್ಮ ಉಳಿಗಳನ್ನು ತಾವೇ ಕಾಯಿಸಿ ಬಡಿದು ಮಾಡಿಕೊಂಡವರು ಅವರು; ಬಟ್ಟೆಯ ಸುರುಳಿಯಲ್ಲಿ ಸುತ್ತಿ ತಂದಿದ್ದ ಅವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎರಡನೆಯ ತಿಂಗಳಲ್ಲಿ ಒಂದನ್ನು ಭಾಯಿಯ ಕೈಗಿಟ್ಟರು. ನಾಲ್ಕನೆಯ ತಿಂಗಳಲ್ಲಿ ಕುಂಚವನ್ನೂ ಕೊಟ್ಟರು.

ಎಲ್ಲಕ್ಕಿಂತ ಕಷ್ಟದ ಕೆಲಸ ತಲೆ ಕೂರಿಸುವುದು. ಮೈಯನ್ನು ಲೇತಿಗೆ ಸಿಕ್ಕಿಸಿ, ಅದು ಗಿರಗಿರನೆ ತಿರುಗುತ್ತಿರುವಾಗಲೇ, ತಲೆಯ ಕೆಳಗಿನ ಗೂಟವನ್ನು ಅದರ ರಂಧ್ರಕ್ಕೆ ಒತ್ತಬೇಕು. ಮರಕ್ಕೆ ಮರ ಉಜ್ಜಿ ಸಣ್ಣಗೆ ಹೊಗೆ ಏಳುತ್ತದೆ. ಟಕ್ಕೆಂದು ಒಳಗೆ ಕೂತರೆ ಮುಗಿಯಿತು, ಆಮೇಲೆ ಗೊಂಬೆಯನ್ನು ಒಡೆಯದೆ ತಲೆ ತೆಗೆಯುವಂತಿಲ್ಲ. ಹಾಗೆ ಕೂತ ತಲೆಯನ್ನು ತಿರುಗಿಸಿದರೆ ಗೊಂಬೆ ಕಿಂಯ್ ಕಿಂಯ್ ಎಂದು ಅಳುತ್ತದೆ. ಅಳದ ಗೊಂಬೆಯನ್ನು ಮೇಷ್ಟ್ರು ಗೊಂಬೆಯೆಂದೇ ಎಣಿಸುತ್ತಿರಲಿಲ್ಲ. ಭಾಯಿಯ ಎಷ್ಟೋ ಗೊಂಬೆಗಳು ಮೂಕವಾಗಿದ್ದವು, ಎಷ್ಟೋ ಸೀಳಿದವು. ಒಂದು ಮಧ್ಯಾಹ್ನ ಒಂದು ಅತ್ತಿತು. ಬಡಗಿಗಳೆಲ್ಲ ಕೆಲಸ ನಿಲ್ಲಿಸಿ ಚಪ್ಪಾಳೆ ತಟ್ಟಿದರು. "ನನ್ ಮಗಳು ಹುಟ್ಟಿದಾಗ್ಲೂ ಹೀಗೇ ಕಾಯ್ತಿದ್ದೆ ಮೇಡಂ, ಅಳ್ಳಿ ಅಂತ" ಎಂದು ಭಾಯಿ ಕಣ್ಣೊರೆಸಿಕೊಂಡರು.

ಆ ದಿನವೇ ಮೇಷ್ಟ್ರು ಆ ಗೊಂಬೆಯನ್ನು ಮಗುಚಿ, ಕಪ್ಪು ಮಸಿಯ ಕುಂಚವನ್ನು ಭಾಯಿಯ ಮುಂದೆ ಚಾಚಿದರು. ಭಾಯಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ನನ್ನ ಮೂಲಕ ತಮ್ಮ ಕಥೆ ಹೇಳಿದರು. ತಂದೆಯ ಬಳಿ ಅವರು ಎಷ್ಟೋ ವರ್ಷ ಕಡೆದರು. ತಂದೆಯ ಗೊಂಬೆಯದೇ ಕಣ್ಣು, ಅದೇ ಹೂವು; ಆದರೆ ತಳ ಖಾಲಿ. ಒಂದು ದಿನ ತಂದೆ ಗೊಂಬೆಯನ್ನು ಮಗುಚಿ ಕುಂಚ ಕೊಟ್ಟರು. ಅಂದಿನಿಂದ ಅದು ಅವರ ಗೊಂಬೆ. ಯಾರು ಮಾಡಿದರೋ ಅವರ ಹೆಸರು, ಮಾಡಿದಾಗ ಎಷ್ಟು ವಯಸ್ಸೋ ಆ ವಯಸ್ಸು. ಒಬ್ಬರು ಕಡೆದು ಇನ್ನೊಬ್ಬರು ಮುಖ ಬರೆದರೆ ಇಬ್ಬರ ಹೆಸರೂ ಇರಬೇಕು. ಅದು ಅವರ ಪದ್ಧತಿ.

ಭಾಯಿ ಕುಂಚ ಮುಟ್ಟಲಿಲ್ಲ. "ಆಮೇಲೆ ನೋಡಣ" ಎಂದು ಎದ್ದು ಹೋದರು. ಅವರು ಯಾಕೆ ಎದ್ದರೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಈಗ ನನ್ನ ತಪ್ಪು. ಮೇಷ್ಟ್ರು ಬರುವ ಮೊದಲೇ ಹೋಟೆಲಿನ ಗೋಡೆಗೆಂದು ನಾನೊಂದು ಕಾರ್ಡು ಬರೆದಿದ್ದೆ: ಇಲ್ಲಿನ ಪ್ರತಿಯೊಂದು ಗೊಂಬೆಯೂ ಜಪಾನಿನ ಹಿರಿಯ ಗುರುವೊಬ್ಬರ ಕೈಯಲ್ಲೇ ಮೂಡಿದ್ದು ಎಂದು. ಅಚ್ಚಾಗಿ ಬಂದ ಕಾರ್ಡನ್ನು ಮೇಷ್ಟ್ರು ಓದಿಸಿಕೊಂಡರು. "ಪ್ರತಿಯೊಂದು?" ಎಂದರು. ನಾನು ತಲೆಯಾಡಿಸಿದೆ. "ಪ್ರತಿಯೊಂದು?" ಎಂದು ಮತ್ತೆ ಕೇಳಿ, ಭಾಯಿಯ ಕಡೆ ನೋಡಿದರು. ಅಷ್ಟು ಹೊತ್ತಿಗೆ ಗೊಂಬೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಯಿಯವಾಗಿದ್ದವು. ಮೇಷ್ಟ್ರ ಬಲಗೈ ನಡುಗುತ್ತಿತ್ತು, ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಮ್ಯಾನೇಜರು ಮುನ್ನೂರಕ್ಕೂ ಮೇಷ್ಟ್ರೇ ಸಹಿ ಹಾಕಬೇಕೆಂದರು. ಮೇಷ್ಟ್ರು ಒಪ್ಪಲಿಲ್ಲ. ಹಾಗಾದರೆ ಎಂದು ಮ್ಯಾನೇಜರು ಮೇಷ್ಟ್ರ ಸಹಿಯ ರಬ್ಬರ್ ಸ್ಟಾಂಪು ಮಾಡಿಸಿ ತಂದರು. ಇದಕ್ಕೆ ಫೋರ್ಜರಿ ಎನ್ನದೆ ಬೇರೇನೂ ಎನ್ನಲಾರೆ. ನಾನು ಪ್ರತಿಭಟಿಸಿದೆ.

"ಏನ್ ಮೇಡಂ, ಒಂದು ಸೈನ್‌ಗೆ ಇಷ್ಟು ಡ್ರಾಮಾನಾ?" ಎಂದರು ಅವರು. "ಗೆಸ್ಟ್‌ಗಳಿಗೆ ಬೇಕಾಗಿರೋದು ಜಪಾನ್. ಚನ್ನಪಟ್ಟಣ ಬೇಕಿದ್ರೆ ಮೈಸೂರ್ ರೋಡಲ್ಲಿ ಕಾರ್ ನಿಲ್ಸಿ ತಗೊಳ್ಳಲ್ವಾ?"

ಆಗ ನನಗೆ ಜಾಣ ಉಪಾಯವೊಂದು ಹೊಳೆಯಿತು. ತಲೆ ಕೂರಿಸುವ ಮೊದಲು ಗೂಟದ ಕೆಳತುದಿಯಲ್ಲಿ ಭಾಯಿ ತಮ್ಮ ಹೆಸರು ಬರೆಯಲಿ. ಗೊಂಬೆಯ ಒಳಗೆ ಹೆಸರಿರುತ್ತದೆ, ಒಡೆಯದೆ ಯಾರಿಗೂ ಕಾಣದು, ಕೆಲಸಕ್ಕೆ ಅಪಾಯವಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಮೇಷ್ಟ್ರಿಗೆ ಹೇಳಿದೆ. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೈಯಲ್ಲಿದ್ದ ಗೊಂಬೆಯನ್ನು ನನ್ನ ಮುಖದ ಮುಂದೆ ಹಿಡಿದರು.

"ಕೈ ಇಲ್ಲ" ಎಂದರು. "ಕಾಲು ಇಲ್ಲ. ಇದನ್ನು ಯಾವ ಕೈ ಮಾಡಿತು? ಕೆಳಗೆ ನೋಡಬೇಕು. ಒಳಗೆ ಬಚ್ಚಿಟ್ಟದ್ದು ಹೆಸರಲ್ಲ."

ನಾನು ತಲೆ ತಗ್ಗಿಸಿದೆ. ಅನ್ಯಾಯದ ಜೊತೆ ರಾಜಿ ಮಾಡಿಕೊಳ್ಳುವುದಕ್ಕೆ ಒಂದು ಚೆಂದದ ದಾರಿ ಹುಡುಕಿಕೊಟ್ಟವಳು ನಾನು. ಯಾವ ಶಾಲೆಯ ಹೆಮ್ಮೆಯೂ ಅದನ್ನು ಮುಚ್ಚಲಾರದು.

ಮರುದಿನ ಮ್ಯಾನೇಜರು ಕಾರ್ಯಾಗಾರಕ್ಕೇ ಬಂದರು. ಸ್ಟಾಂಪು ಒತ್ತದಿದ್ದರೆ ಭಾಯಿಯ ವೀಸಾ ರದ್ದು ಮಾಡಿ ಆ ವಾರವೇ ಊರಿಗೆ ಕಳಿಸುವುದಾಗಿ ಹೇಳಿದರು. ಮೇಷ್ಟ್ರು ತಾವೇ ಒಪ್ಪಂದ ಮುರಿದು ಹೊರಡುತ್ತೇನೆಂದರು. ನಾನು ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆಂದೆ. ಮೂವರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಲೇತಿನ ಸದ್ದು ನಿಂತಿತು.

"ಮೇಡಂ," ಎಂದರು ಭಾಯಿ, "ನೀವು ಮೂರ್ ಜನ ನನ್ ಹೆಸರಿಗೆ ಇಷ್ಟೊತ್ತು ಜಗಳ ಆಡಿದ್ರಿ. ನನ್ನ ಒಂದ್ ಮಾತು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮೇಷ್ಟ್ರೂ ಕೇಳಿರಲಿಲ್ಲ.

"ನಮ್ಮಪ್ಪ ಸಾಯೋ ತನಕ ಕಡೆದ್ರು. ಆನೆ, ಬಂಡಿ, ಬುಗುರಿ, ಗಿಲಕಿ... ಎಲ್ಲೆಲ್ಲಿಗೆ ಹೋಗಿದ್ವೋ. ಒಂದರ ಮೇಲೂ ಅವರ ಹೆಸರಿಲ್ಲ. ಮೇಷ್ಟ್ರು ಅವತ್ತು ಕುಂಚ ಕೊಟ್ಟಾಗ ಎದ್ದು ಹೋದ್ನಲ್ಲ, ಯಾಕೆ ಗೊತ್ತಾ? ಅಪ್ಪನಿಗಿಲ್ದೇ ಇರೋದು ನನಗ್ಯಾಕೆ ಅನ್ನಿಸ್ತು." ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಸಾರ್. ವೀಸಾ ಕ್ಯಾನ್ಸಲ್ ಮಾಡೋದಿದ್ರೆ ಮಾಡಿ. ಬರಿತೀನಿ."

ನಾನು ಅದನ್ನು ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಭಾಯಿಯ ಮುಂದೆ ಸೊಂಟ ಬಾಗಿಸಿ ವಂದಿಸಿದರು. ಹಾಗೆ ವಂದಿಸುವುದು ಅವರಲ್ಲಿ ದೊಡ್ಡ ಗೌರವವೆಂದು ಭಾಯಿಗೆ ಗೊತ್ತಿರಲಿಲ್ಲ. ಗಾಬರಿಯಿಂದ "ಅರೆ ಅರೆ, ಬೇಡ ಮೇಷ್ಟ್ರೇ" ಎಂದು ಅವರ ಭುಜ ಹಿಡಿದೆತ್ತಿದರು. ಆಮೇಲೆ ಕುಂಚ ಹಿಡಿದರು. ಕನ್ನಡ ಬರೆದು ವರ್ಷಗಳಾಗಿದ್ದವು. ಬೇಡದ ಮರದ ತುಂಡಿನ ಮೇಲೆ ನಾಲ್ಕು ಬಾರಿ ಬರೆದು ಕೈ ಹದ ಮಾಡಿಕೊಂಡು, ಗೊಂಬೆಯ ತಳದಲ್ಲಿ ತಮ್ಮ ಹೆಸರು ಬರೆದರು. ಕೆಳಗೆ ನಲವತ್ತೊಂದು ಎಂದು. ಮುಂದಿನ ಒಂದು ವಾರ ಇಬ್ಬರೂ ಎದುರುಬದುರು ಕೂತು ಬರೆದರು. ಮೇಷ್ಟ್ರ ಗೊಂಬೆಗೆ ಮೇಷ್ಟ್ರ ಹೆಸರು, ಭಾಯಿಯ ಗೊಂಬೆಗೆ ಭಾಯಿಯ ಹೆಸರು, ಇಬ್ಬರ ಕೈಯೂ ಬಿದ್ದದ್ದಕ್ಕೆ ಇಬ್ಬರದೂ. ಬಣ್ಣದವರು ಮಸಿ ಆರುವ ತನಕ ಒಂದೊಂದನ್ನೇ ಸಾಲಾಗಿ ಮಗುಚಿಟ್ಟು ಕಾವಲಿದ್ದರು.

ನಾವು ಗೆದ್ದೆವೆಂದೇ ನಾನು ತಿಳಿದಿದ್ದೆ. ಹೋಟೆಲಿನ ದಿನಾಂಕ ಹತ್ತಿರವಿತ್ತು, ಉಜ್ಜಿ ಅಳಿಸುವುದಕ್ಕೆ ಯಾವ ಬಡಗಿಯೂ ಒಪ್ಪಲಿಲ್ಲ. ಜೋಡಣೆಯ ದಿನ ಅಬುಧಾಬಿಗೆ ಹೋದಾಗ ಕಂಡದ್ದು ಬೇರೆಯೇ. ಹೊರಗಿನಿಂದ ಕರೆಸಿದ್ದ ಕೆಲಸಗಾರರು ಪ್ರತಿ ಗೊಂಬೆಯ ತಳಕ್ಕೆ ಅಂಟು ಬಳಿದು ಹಲಗೆಗೆ ಒತ್ತುತ್ತಿದ್ದರು. "ಹೆಸರು ಅಳಿಸಿಲ್ಲ ಮೇಡಂ," ಎಂದರು ಮ್ಯಾನೇಜರು, "ಇದೆ. ಕೆಳಗೇ ಇದೆ. ನಿಮ್ಮ ಮೇಷ್ಟ್ರು ಹೇಳಿದ ಜಾಗದಲ್ಲೇ." ಗೋಡೆಯ ಮೇಲೆ ನಾನು ಬರೆದ ಕಾರ್ಡು, ಅದೇ ಪ್ರತಿಯೊಂದು ಎಂಬ ಪದದೊಡನೆ, ಹಿತ್ತಾಳೆಯ ಚೌಕಟ್ಟಿನಲ್ಲಿ ಕೂತಿತ್ತು.

ಆ ಗುರುವಾರ ಭಾಯಿಯ ವೀಸಾ ರದ್ದಾಯಿತು. ಮೇಷ್ಟ್ರ ಒಪ್ಪಂದವೂ ಮುಗಿಯಿತೆಂದರು. ನಾನು ದೂರು ಕೊಟ್ಟೆ. ಕೆಲವು ತಿಂಗಳ ಮೇಲೆ ಕಪಾಟಿನ ಪಾಸ್‌ಪೋರ್ಟುಗಳು ಅವರವರ ಕೈ ಸೇರಿದವು. ಅಷ್ಟು ಹೊತ್ತಿಗೆ ನನ್ನ ಕೆಲಸವೂ ಹೋಗಿತ್ತು. ಅದಕ್ಕೂ ಮೊದಲು, ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಮೇಷ್ಟ್ರು ಉಳಿಗಳ ಸುರುಳಿ ಬಿಚ್ಚಿ, ಒಂದನ್ನು ಇಟ್ಟುಕೊಂಡು, ಉಳಿದದ್ದೆಲ್ಲ ಭಾಯಿಗೆ ಕೊಟ್ಟರು. "ಶಿಷ್ಯ," ಎಂದು ಭಾಯಿಯ ಎದೆಗೆ ಬೆರಳು ಚುಚ್ಚಿದರು. "ಒಪ್ಪಂದ ಸುಳ್ಳಲ್ಲ. ಖಲಾಸ್." ಅದೇ ಅವರ ಕೊನೆಯ ಮಾತು. ಮತ್ತೆ ನಾವು ಅವರನ್ನು ನೋಡಲಿಲ್ಲ...

ಭಾಯಿ ಎರಡು ವರ್ಷ ಊರಿನಲ್ಲಿದ್ದು ಮತ್ತೆ ಬಂದರು. ಈಗ ರಾಸ್ ಅಲ್ ಖೋರ್‌ನ ಒಂದು ಕಾರ್ಯಾಗಾರದಲ್ಲಿ ಬಾಗಿಲಿನ ಹಿಡಿಕೆ ಕಡೆಯುತ್ತಾರೆ. ಈ ಲೇಖನದಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಈ ಬಾರಿ ಮೊದಲೇ ಕೇಳಿದೆ. "ಪೇಪರಲ್ಲಿ ಬೇಡ ಮೇಡಂ, ಗೊಂಬೆ ಮೇಲಿದೆಯಲ್ಲ" ಎಂದರು. ಆದ್ದರಿಂದ ಇಲ್ಲಿ ಇಬ್ಬರ ಹೆಸರೂ ಇಲ್ಲ. ಎಲ್ಲಿದೆಯೆಂದು ಹೇಳಿದ್ದೇನೆ.

ಮುಖವಿಲ್ಲದ ಗೊಂಬೆಯನ್ನು ಅವರು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದರು. ಎರಡು ಕಣ್ಣು, ಮೇಷ್ಟ್ರ ಊರಿನ ಕಣ್ಣುಗಳೇ, ಅರ್ಧ ಮುಚ್ಚಿದಂತೆ. ಮೈಮೇಲೆ ಕೆಂಪು ಹೂವು. ಕೊರಳ ಸುತ್ತ ಒಂದೇ ಒಂದು ಎಳೆ ಅರಗಿನ ಹೊಳಪು ಕೊಡಲೇ ಎಂದು ಯೋಚಿಸಿ, "ದಮೆ ಅಂತಾರೆ" ಎಂದು ಬಿಟ್ಟರು. ಆಮೇಲೆ ಮಗುಚಿ, ಮೇಷ್ಟ್ರು ಬಿಟ್ಟಿದ್ದ ಜಾಗದಲ್ಲಿ ತಮ್ಮ ಹೆಸರು ಬರೆದರು. ಕೆಳಗೆ ನಲವತ್ತೇಳು ಎಂದು. ಮಸಿ ಆರುವವರೆಗೂ ಅದನ್ನು ಮಗುಚಿಯೇ ಇಟ್ಟೆವು.

ಭಾನುವಾರ ಬಸ್ಸು ಹತ್ತಿ ಅಬುಧಾಬಿಗೆ ಹೋದೆವು. ಹೋಟೆಲಿನ ಗೋಡೆ ಹಾಗೆಯೇ ಇತ್ತು, ಮುನ್ನೂರು ಮುಖಗಳು, ಹಿತ್ತಾಳೆಯಲ್ಲಿ ನನ್ನ ಸುಳ್ಳು. ಭಾಯಿ ಪ್ಲಾಸ್ಟಿಕ್ ಕವರಿನಿಂದ ಗೊಂಬೆ ತೆಗೆದು, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ತಳ ಹೊರಗೆ ಕಾಣುವಂತೆ ಮಲಗಿಸಿದರು. ಸ್ವಾಗತದ ಮೇಜಿನ ಹುಡುಗಿ ಬೇಗಬೇಗ ಬಂದಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಅಲ್ಲಿ ಏನನ್ನೂ ಇಡುವಂತಿಲ್ಲವೆಂದಳು. ಎತ್ತಲು ಬಗ್ಗಿದವಳು ಹಾಗೆಯೇ ನಿಂತಳು.

"ಅಯ್ಯೋ, ಇದು ಕನ್ನಡ ಅಲ್ವಾ!"

ಉಡುಪಿಯ ಕಡೆಯ ಹುಡುಗಿ. ತಳದಲ್ಲಿದ್ದ ಹೆಸರನ್ನು ಅವಳು ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ ಓದಿದಳು. ಆ ಲಾಬಿಯಲ್ಲಿ ಆರು ವರ್ಷಗಳಲ್ಲಿ ಮೊದಲ ಬಾರಿ ಆ ಹೆಸರು ಕೇಳಿಸಿತು.

"ಯಾರು ಇವರು?"

"ನಾನೇ" ಎಂದರು ಭಾಯಿ.

"ನೀವಾ? ಮತ್ತೆ ಈ ಪಕ್ಕದ್ದು?"

"ಅದು ನಮ್ ಮೇಷ್ಟ್ರು."

"ಅವರೂ ಇಲ್ಲೇ ಇದ್ದಾರಾ?"

ಭಾಯಿ ಗೊಂಬೆಯನ್ನು ಎತ್ತಿಕೊಂಡು ಅದರ ತಲೆಯನ್ನು ಮೆಲ್ಲಗೆ ತಿರುಗಿಸಿದರು. ಮೇಷ್ಟ್ರು ತಮ್ಮ ನಡುಗುವ ಕೈಯಿಂದ ಕೊನೆಯ ಬಾರಿ ಕೂರಿಸಿದ ತಲೆ. ಕಿಂಯ್ ಎಂದಿತು. ಅಮೃತಶಿಲೆಯ ಲಾಬಿಯಲ್ಲಿ ಆ ಸಣ್ಣ ಅಳು ದೂರದವರೆಗೂ ಹೋಯಿತು. ಸೋಫಾದಲ್ಲಿ ಕೂತವರೊಬ್ಬರು ಫೋನಿನಿಂದ ಕಣ್ಣೆತ್ತಿದರು. ನನಗೆ ಆಗ ದುಃಖ ಬಂತು, ಪೊಟ್ಟಣ ಬಿಚ್ಚಿದ ದಿನ ಬಾರದ ದುಃಖ...

"ಇವು ಎಲ್ಲ ಹೀಗೇ ಅಳ್ತಾವಾ?" ಎಂದು ಹುಡುಗಿ ಗೋಡೆಯ ಕಡೆ ನೋಡಿದಳು.

ತಳಕ್ಕೆ ಅಂಟು ಹಾಕಿಸಿದವರು ಕುತ್ತಿಗೆಯ ವಿಷಯ ಯೋಚಿಸಿರಲಿಲ್ಲ. ಭಾಯಿ ಮೊದಲ ಸಾಲಿನ ಮೊದಲ ಗೊಂಬೆಯ ತಲೆಗೆ ಕೈ ಹಾಕಿದರು. ಅತ್ತಿತು. ಎರಡನೆಯದು, ಮೂರನೆಯದು. ನಾನು ಇನ್ನೊಂದು ತುದಿಯಿಂದ ಶುರುಮಾಡಿದೆ. ಕೆಲವು ಸಣ್ಣಗೆ, ಕೆಲವು ಜೋರಾಗಿ, ಒಂದೊಂದೂ ಬೇರೆ ದನಿಯಲ್ಲಿ. ಯಾವುದು ಮೇಷ್ಟ್ರದು, ಯಾವುದು ತಮ್ಮದು ಎಂದು ಭಾಯಿ ದನಿಯಿಂದಲೇ ಹೇಳುತ್ತಾ ಹೋದರು. "ಇದು ಅವರದು. ಇದು ನಂದು. ಇದು ಇಬ್ಬರದೂ."

"ಮೇಡಂ, ಕ್ಯಾಮೆರಾ ಉಂಟು ಇಲ್ಲಿ, ಸಾಕು ಮಾರಾಯ್ರೆ" ಎಂದಳು ಹುಡುಗಿ. ಆಮೇಲೆ ಒಮ್ಮೆ ಮೇಲಕ್ಕೆ, ಕ್ಯಾಮೆರಾದ ಕಡೆಗೆ ನೋಡಿ, ಕೈ ಚಾಚಿ, ತನಗೆ ಎಟುಕಿದ ಒಂದು ಗೊಂಬೆಯ ತಲೆ ತಿರುಗಿಸಿದಳು.